ದಿನ ತುಂಬದ ಶಿಶುಗಳ ಮೂಳೆ ತಪಾಸಣೆ

ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಶೇ 80ರಷ್ಟು ಮೂಳೆಗೆ ಸೇರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 27, 28 ವಾರಕ್ಕೇ ಹುಟ್ಟಿಬಿಟ್ಟ ಮಗುವಿಗೆ ಈ ಪಾಲಿನ ಬಹುಭಾಗ ಸಿಕ್ಕಿರುವುದೇ ಇಲ್ಲ. ತಾಯಿಯ ಹೊಟ್ಟೆಯಲ್ಲಿ ತಾನಾಗಿ ನಡೆಯಬೇಕಿದ್ದ ಕೆಲಸವನ್ನು ಆಸ್ಪತ್ರೆಯ ವಾರ್ಡು ಮುಂದಿನ ಎರಡು ಮೂರು ತಿಂಗಳಲ್ಲಿ ಹಾಲು, ಡ್ರಿಪ್ ಮತ್ತು ಸಿರಪ್‌ಗಳ ನೆರವಿನಿಂದ ಮಾಡಿ ಮುಗಿಸಬೇಕಾಗುತ್ತದೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದೇ ಅವಧಿಪೂರ್ವ ಶಿಶುಗಳ ಮೂಳೆ ತಪಾಸಣೆ.

ಕೊರತೆ ಮುಂದುವರಿದರೆ ಮೂಳೆ ತೆಳುವಾಗುತ್ತದೆ, ಮೆದುವಾಗುತ್ತದೆ, ಕೆಲವು ಮಕ್ಕಳಲ್ಲಿ ಮುರಿಯಲೂಬಹುದು. ವೈದ್ಯರು ಇದನ್ನು ಅವಧಿಪೂರ್ವ ಶಿಶುವಿನ ಮೆಟಬಾಲಿಕ್ ಮೂಳೆರೋಗ ಎನ್ನುತ್ತಾರೆ. ಆಸ್ಟಿಯೋಪೀನಿಯಾ ಎಂಬ ಹಳೆಯ ಹೆಸರೂ ವಾರ್ಡುಗಳಲ್ಲಿ ಬಳಕೆಯಲ್ಲಿದೆ. 1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳು ಇದರ ದಾರಿಯಲ್ಲಿರುತ್ತಾರೆ. 1,000 ಗ್ರಾಂಗಿಂತ ಕೆಳಗಿನವರಲ್ಲಿ ಅಪಾಯ ಇನ್ನೂ ಹೆಚ್ಚು. ಎಷ್ಟು ಮಕ್ಕಳಿಗೆ ಬರುತ್ತದೆ ಎಂಬುದಕ್ಕೆ ಒಂದೊಂದು ವರದಿ ಒಂದೊಂದು ಅಂಕಿ ಕೊಡುತ್ತದೆ. ರೋಗ ಎಂದು ಯಾವ ಗೆರೆಯಿಂದಾಚೆಗೆ ಕರೆಯಬೇಕು ಎಂಬುದರಲ್ಲೇ ಒಮ್ಮತವಿಲ್ಲದಿರುವುದು ಇದಕ್ಕೆ ಕಾರಣ.

ಕೊರತೆಯ ಲೆಕ್ಕ ಸರಳ. ಕೊನೆಯ ಮೂರು ತಿಂಗಳಲ್ಲಿ ಭ್ರೂಣಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 100ರಿಂದ 130 ಮಿಲಿಗ್ರಾಂ ಕ್ಯಾಲ್ಸಿಯಂ, 60ರಿಂದ 75 ಮಿಲಿಗ್ರಾಂ ರಂಜಕ ಸೇರುತ್ತದೆ. ಪ್ಲಸೆಂಟಾ ಇದನ್ನು ತಾಯಿಯ ರಕ್ತದಿಂದ ಬಲವಂತವಾಗಿಯೇ ಎಳೆದುಕೊಡುತ್ತದೆ, ಹಾಗಾಗಿ ಭ್ರೂಣದ ರಕ್ತದಲ್ಲಿ ಕ್ಯಾಲ್ಸಿಯಂ ತಾಯಿಗಿಂತ ಹೆಚ್ಚಿರುತ್ತದೆ. ಎದೆಹಾಲಿನ ಪ್ರತಿ 100 ಮಿಲೀಯಲ್ಲಿ ಇರುವುದು 25ರಿಂದ 30 ಮಿಲಿಗ್ರಾಂ ಕ್ಯಾಲ್ಸಿಯಂ, 12ರಿಂದ 15 ಮಿಲಿಗ್ರಾಂ ರಂಜಕ. ಒಂದು ಕಿಲೋ ತೂಕದ ಮಗು ದಿನಕ್ಕೆ 180 ಮಿಲೀ ಹಾಲನ್ನು ಒಳಲೆಯಲ್ಲೋ ಟ್ಯೂಬಿನಲ್ಲೋ ಪೂರ್ತಿ ಕುಡಿದರೂ ಅದಕ್ಕೆ ಸಿಗುವುದು 50 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ, 25ರ ಆಸುಪಾಸಿನ ರಂಜಕ. ಕರುಳು ಹೀರಿಕೊಳ್ಳುವುದು ಅದರಲ್ಲೂ ಒಂದು ಪಾಲನ್ನು ಮಾತ್ರ. ಸೋಂಕಿನಿಂದ ಕಾಪಾಡುವುದರಲ್ಲಿ, ಕರುಳನ್ನು ಉಳಿಸುವುದರಲ್ಲಿ ಎದೆಹಾಲಿಗೆ ಸಾಟಿಯಿಲ್ಲ. ಆದರೆ ಅದು ತುಂಬು ತಿಂಗಳ ಮಗುವಿಗೆಂದು ತಯಾರಾದ ಆಹಾರ. ಅದಕ್ಕೇ 1,500 ಗ್ರಾಂಗಿಂತ ಕೆಳಗಿನ ಮಕ್ಕಳ ಹಾಲಿಗೆ ಫೋರ್ಟಿಫೈಯರ್ ಎಂಬ ಖನಿಜಭರಿತ ಪುಡಿ ಬೆರೆಸುತ್ತಾರೆ.

ಈ ತಿಳಿವಳಿಕೆ ಹೊಸದಲ್ಲ. ಸ್ವೀಡನ್ನಿನ ವಾನ್ ಸೀಡೋ 1946ರಲ್ಲೇ ದಿನ ತುಂಬದ ಮಕ್ಕಳ ರಿಕೆಟ್ಸ್ (ಮೂಳೆ ಮೆದುವಾಗುವ ರೋಗ) ಕುರಿತ ದೊಡ್ಡ ಅಧ್ಯಯನವೊಂದರಲ್ಲಿ ಎದೆಹಾಲಿನ ರಂಜಕದ ಕೊರತೆಯತ್ತ ಬೊಟ್ಟು ಮಾಡಿದ್ದರು. ಆದರೂ ರಿಕೆಟ್ಸ್ ಎಂದರೆ ಬಿಸಿಲಿನ ಮತ್ತು ವಿಟಮಿನ್ ಡಿ ಕೊರತೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಖನಿಜದ ಮಾತು ಮುಂದಕ್ಕೆ ಬರಲು ದಶಕಗಳೇ ಬೇಕಾದವು. 1979–80ರ ಹೊತ್ತಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ರೆಜಿನಾಲ್ಡ್ ತ್ಸಾಂಗ್, ಜೀನ್ ಸ್ಟೈಕನ್ ಮತ್ತು ಸಂಗಡಿಗರು ಫೋಟಾನ್ ಕಿರಣ ಹಾಯಿಸಿ ಇಂಥ ಮಕ್ಕಳ ಮೂಳೆಯ ಖನಿಜವನ್ನು ನೇರವಾಗಿ ಅಳೆದರು. ಹುಟ್ಟಿದ ಮೇಲೆ ಅದು ಗರ್ಭದ ವೇಗದಲ್ಲಿ ಏರುವುದಿಲ್ಲ, ಕ್ಯಾಲ್ಸಿಯಂ ಮತ್ತು ರಂಜಕ ಎರಡನ್ನೂ ಹೆಚ್ಚಿಸಿ ಕೊಟ್ಟರೆ ಏರುತ್ತದೆ ಎಂದು ತೋರಿಸಿದರು.

ವಿಟಮಿನ್ ಡಿ ಬೇಡವೆಂದಲ್ಲ. ನಮ್ಮ ದೇಶದ ಎಷ್ಟೋ ತಾಯಂದಿರಲ್ಲೇ ಅದು ಕಡಿಮೆ, ಆದ್ದರಿಂದ ಮಗುವಿನಲ್ಲೂ ಕಡಿಮೆ. ದೆಹಲಿಯ ಏಮ್ಸ್ ತಂಡವೊಂದು 28ರಿಂದ 34 ವಾರಗಳ ನಡುವೆ ಹುಟ್ಟಿದ 96 ಮಕ್ಕಳಲ್ಲಿ ದಿನಕ್ಕೆ 400 ಮತ್ತು 800 ಯೂನಿಟ್‌ಗಳನ್ನು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. 800 ಯೂನಿಟ್ ಪಡೆದವರಲ್ಲಿ ವಿಟಮಿನ್ ಕೊರತೆ ಗಣನೀಯವಾಗಿ ಇಳಿದಿತ್ತು, ಮೂಳೆಯ ಖನಿಜದ ಅಳತೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕಟ್ಟುವ ಸಾಮಗ್ರಿಯೇ ಇಲ್ಲದಿದ್ದಾಗ ವಿಟಮಿನ್ ಒಂದೇ ಏನು ಮಾಡೀತು?

ಹಾಲಿನ ಕೊರತೆಯ ಜೊತೆಗೆ ಇನ್ನಷ್ಟು ಕಾರಣಗಳು ಸೇರಿಕೊಳ್ಳುತ್ತವೆ. ವಾರಗಟ್ಟಲೆ ಡ್ರಿಪ್‌ನಲ್ಲೇ ಪೋಷಣೆ ಪಡೆವ ಮಗುವಿಗೆ ಬೇಕಾದಷ್ಟು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ (ರಂಜಕದ ಲವಣ) ಕೊಡುವುದು ಕಷ್ಟ. ಎರಡನ್ನೂ ಒಂದೇ ಬಾಟಲಿಯಲ್ಲಿ ಹೆಚ್ಚು ಬೆರೆಸಿದರೆ ಗಷ್ಟಾಗಿ ತಳಕ್ಕೆ ಕೂರುತ್ತದೆ. ಶ್ವಾಸಕೋಶದ ತೊಂದರೆಗೆ ಕೊಡುವ ಫ್ಯೂರೋಸೆಮೈಡ್ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹಾಕುತ್ತದೆ, ಡೆಕ್ಸಾಮೆಥಸೋನ್ ಮೂಳೆ ಕಟ್ಟುವ ಕೆಲಸವನ್ನೇ ತಡೆಯುತ್ತದೆ, ಉಸಿರು ನಿಲ್ಲದಿರಲೆಂದು ಕೊಡುವ ಕೆಫೀನ್ ಕೂಡ ಕ್ಯಾಲ್ಸಿಯಂ ನಷ್ಟ ಹೆಚ್ಚಿಸುತ್ತದೆ. ಇವೆಲ್ಲ ಜೀವ ಉಳಿಸುವ ಔಷಧಗಳು, ಹಾಗಾಗಿ ನಿಲ್ಲಿಸುವಂತಿಲ್ಲ. ಇನ್ನೊಂದು ಕಾರಣ ಅಲುಗಾಟವಿಲ್ಲದಿರುವುದು. ಹೊಟ್ಟೆಯೊಳಗಿನ ಕೂಸು ಗರ್ಭಕೋಶದ ಗೋಡೆಗೆ ಒದೆಯುತ್ತಲೇ ಇರುತ್ತದೆ, ಆ ಒತ್ತಡಕ್ಕೆ ಮೂಳೆ ಗಟ್ಟಿಯಾಗುತ್ತದೆ. ಮೈ ಬೆಚ್ಚಗಿಡುವ ವಾರ್ಮರ್ ಮೇಲೆ ಮಲಗಿದ ಮಗುವಿನ ಕಾಲಿಗೆ ಎದುರೊತ್ತುವ ಗೋಡೆಯಿಲ್ಲ.

ತಪಾಸಣೆಯ ಮೊದಲ ತೊಡಕು ಇದು: ರೋಗ ಬಹುಕಾಲ ಮೌನವಾಗಿರುತ್ತದೆ. ಮಗು ಹಾಲು ಕುಡಿಯುತ್ತದೆ, ತೂಕ ಏರುತ್ತದೆ, ಕಣ್ಣಿಗೆ ಕಾಣುವ ಲಕ್ಷಣವಿಲ್ಲ. ನೆತ್ತಿ ಅಗಲವಾಗುವುದು, ತಲೆಬುರುಡೆ ಮೆದುವಾಗುವುದು, ಪಕ್ಕೆಲುಬಿನ ತುದಿ ಗಂಟುಗಟ್ಟುವುದು, ವೆಂಟಿಲೇಟರ್‌ನಿಂದ ಬಿಡಿಸಲು ಕಷ್ಟವಾಗುವುದು, ಇವೆಲ್ಲ ತಡವಾಗಿ ಬರುವ ಚಿಹ್ನೆಗಳು. ಸಾಮಾನ್ಯವಾಗಿ ಹುಟ್ಟಿದ 6ರಿಂದ 12 ವಾರಗಳ ನಡುವೆ ರೋಗ ಬಯಲಾಗುತ್ತದೆ. ಎಷ್ಟೋ ಸಲ ನ್ಯುಮೋನಿಯಾ ಇರಬಹುದೆಂದು ತೆಗೆದ ಎದೆಯ ಎಕ್ಸ್-ರೇಯಲ್ಲಿ ಮುರಿದು ಕೂಡಿಕೊಳ್ಳುತ್ತಿರುವ ಪಕ್ಕೆಲುಬು ಆಕಸ್ಮಿಕವಾಗಿ ಕಣ್ಣಿಗೆ ಬೀಳುತ್ತದೆ.

ಎಕ್ಸ್-ರೇಯನ್ನು ನೆಚ್ಚಿ ಕೂರುವುದು ಇದೇ ಕಾರಣಕ್ಕೆ ತಪ್ಪು. ಮೂಳೆಯ ಖನಿಜ ಶೇ 20ರಿಂದ 40ರಷ್ಟು ಕಡಿಮೆಯಾಗುವವರೆಗೂ ಫಿಲ್ಮಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಂಡ ಮೇಲೆ ಅದರ ತೀವ್ರತೆಯನ್ನು ಹೇಳಲು 1982ರಲ್ಲಿ ವಿನ್‌ಸ್ಟನ್ ಕೂ ಮತ್ತು ಸಂಗಡಿಗರು ಕೊಟ್ಟ ಮೂರು ಹಂತಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಎಲುಬು ಮಸುಕಾಗಿ ಕಾಣುತ್ತದೆ, ಎರಡನೆಯದರಲ್ಲಿ ಮಣಿಕಟ್ಟು ಮತ್ತು ಮೊಣಕಾಲಿನ ಹತ್ತಿರದ ತುದಿಗಳು ಚಿಂದಿಯಾದಂತೆ, ಒಳಕ್ಕೆ ಕುಳಿಬಿದ್ದಂತೆ ತೋರುತ್ತವೆ, ಮೂರನೆಯದರಲ್ಲಿ ತಾನಾಗಿ ಆದ ಮುರಿತಗಳಿರುತ್ತವೆ. ಇದು ರೋಗವನ್ನು ದೃಢಪಡಿಸುವ ಪರೀಕ್ಷೆ. ರೋಗ ಶುರುವಾಗುವ ಮುಂಚೆ ಹಿಡಿಯಲು ರಕ್ತಕ್ಕೇ ಹೋಗಬೇಕು.

ರಕ್ತದಲ್ಲಿ ಯಾವುದನ್ನು ನೋಡಬೇಕು? ಮೂಳೆ ಎಂದಕೂಡಲೆ ನೆನಪಾಗುವ ಕ್ಯಾಲ್ಸಿಯಂ ಇಲ್ಲಿ ಉಪಯೋಗಕ್ಕೆ ಬರುವುದು ಅತಿ ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ದೇಹ ಹಟಹಿಡಿದು ಕಾಯುತ್ತದೆ, ಕಡಿಮೆಯಾದರೆ ಮೂಳೆಯನ್ನು ಕರಗಿಸಿಯಾದರೂ ತರುತ್ತದೆ. ಹಗೇವಿನಿಂದ ಜೋಳ ತೆಗೆದು ಅಡುಗೆಮನೆಯ ಡಬ್ಬಿ ತುಂಬಿಸುತ್ತಾ ಹೋದ ಹಾಗೆ. ಡಬ್ಬಿಯನ್ನಷ್ಟೇ ನೋಡುವವರಿಗೆ ಕೊರತೆ ತಿಳಿಯುವುದು ಹಗೇವು ಬರಿದಾದ ಮೇಲೆ.

ಕೆಲಸಕ್ಕೆ ಬರುವ ಅಂಕಿಗಳು ಎರಡು. ಒಂದು ಆಲ್ಕಲೈನ್ ಫಾಸ್ಫಟೇಸ್, ವಾರ್ಡಿನ ಮಾತಿನಲ್ಲಿ ಎಎಲ್‌ಪಿ. ಮೂಳೆಗಟ್ಟುವಿಕೆಯಲ್ಲಿ ಇಂಥದೊಂದು ಕಿಣ್ವದ ಪಾತ್ರವನ್ನು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿದ್ದ ರಾಬರ್ಟ್ ರಾಬಿಸನ್ 1923ರಲ್ಲಿ ಎತ್ತಿ ತೋರಿಸಿದ್ದರು. ಮೂಳೆ ಕಟ್ಟುವ ಕೋಶಗಳು ಸಾಮಗ್ರಿ ಸಾಲದೆ ಪರದಾಡುವಾಗ ಈ ಕಿಣ್ವವನ್ನು ಹೆಚ್ಚು ಹೆಚ್ಚು ಬಿಡುತ್ತವೆ. ಎರಡನೆಯದು ರಕ್ತದ ಫಾಸ್ಫೇಟ್, ರಂಜಕ ಸಾಲದಿದ್ದಾಗ ಇಳಿಯುತ್ತದೆ. ಅಮೆರಿಕದ ಶಿಶುವೈದ್ಯರ ಅಕಾಡೆಮಿ 2013ರಲ್ಲಿ ಕೊಟ್ಟ ಸಲಹೆಯಂತೆ 1,500 ಗ್ರಾಂಗಿಂತ ಕೆಳಗಿನ ಮಕ್ಕಳಿಗೆ ಹುಟ್ಟಿದ 4–5 ವಾರಕ್ಕೆ ಇವೆರಡನ್ನೂ ಮಾಡಿಸಬೇಕು. ಎಎಲ್‌ಪಿ 800–1,000 ಯೂನಿಟ್ ದಾಟಿದರೆ ಎಕ್ಸ್-ರೇ ತೆಗೆಯಬೇಕು. ಫಾಸ್ಫೇಟ್ ಪ್ರತಿ ಡೆಸಿಲೀಟರ್‌ಗೆ 4 ಮಿಲಿಗ್ರಾಂಗಿಂತ ಕೆಳಗೇ ಉಳಿದರೆ ಖನಿಜ ಹೆಚ್ಚಿಸುವ ಬಗ್ಗೆ ಯೋಚಿಸಬೇಕು.

ಒಂದೇ ಅಂಕಿಯನ್ನು ಹಿಡಿದು ತೀರ್ಮಾನಕ್ಕೆ ಬರುವವರು ಎಡವುತ್ತಾರೆ. ಪಿತ್ತಜನಕಾಂಗದಲ್ಲೂ ಎಎಲ್‌ಪಿ ಹುಟ್ಟುತ್ತದೆ. ಬಹುದಿನ ಡ್ರಿಪ್‌ನಲ್ಲಿದ್ದು ಕಾಮಾಲೆ ಬಂದ ಮಗುವಿನಲ್ಲಿ ಅದು ಏರಿದ್ದರೆ ಮೂಳೆಯನ್ನೇ ದೂರುವಂತಿಲ್ಲ. ಸತುವಿನ ಕೊರತೆಯಿದ್ದರೆ ಮೂಳೆ ಕೆಟ್ಟಿದ್ದರೂ ಎಎಲ್‌ಪಿ ಏರದೆ ಇರಬಹುದು. ಫಿನ್ಲೆಂಡಿನ ತಂಡವೊಂದು 2000ದಲ್ಲಿ ಎರಡು ಅಂಕಿಗಳನ್ನೂ ಜೋಡಿಸಿ ನೋಡಿತು. ಎಎಲ್‌ಪಿ 900ಕ್ಕಿಂತ ಮೇಲೆ, ಫಾಸ್ಫೇಟ್ ಲೀಟರಿಗೆ 1.8 ಮಿಲಿಮೋಲ್‌ಗಿಂತ ಕೆಳಗೆ, ಎರಡೂ ಕೂಡಿದಾಗ ಮೂಳೆ ಸಾಂದ್ರತೆ ಕಡಿಮೆಯಿದ್ದ ಮಕ್ಕಳು ಯಾರೂ ಬಿಟ್ಟುಹೋಗಲಿಲ್ಲ. ಚೆನ್ನಾಗಿದ್ದ ಮಕ್ಕಳಲ್ಲಿ ಶೇ 30ರಷ್ಟು ಮಂದಿಯೂ ಬಲೆಗೆ ಬಿದ್ದರು, ಆದರೆ ಮೊದಲ ಹಂತದ ಜರಡಿಯಲ್ಲಿ ಅಷ್ಟನ್ನು ಸಹಿಸಬಹುದು. ಮೂಳೆಯಿಂದಲೇ ಬಂದ ಎಎಲ್‌ಪಿಯನ್ನು ಬೇರ್ಪಡಿಸಿ ಅಳೆಯುವ ದುಬಾರಿ ಪರೀಕ್ಷೆಯಿಂದ ಹೆಚ್ಚೇನೂ ಲಾಭವಾಗಲಿಲ್ಲ.

ಪಠ್ಯಪುಸ್ತಕಗಳು ಅಷ್ಟಾಗಿ ಹೇಳದ ಇನ್ನೊಂದು ಬಲೆ ಲ್ಯಾಬ್ ರಿಪೋರ್ಟಿನಲ್ಲೇ ಇದೆ. ಲೀಟರಿಗೆ 1.8 ಮಿಲಿಮೋಲ್ ಎಂದರೆ ನಮ್ಮ ಲ್ಯಾಬ್‌ಗಳು ಬಳಸುವ ಲೆಕ್ಕದಲ್ಲಿ ಡೆಸಿಲೀಟರಿಗೆ ಸುಮಾರು 5.6 ಮಿಲಿಗ್ರಾಂ. ದೊಡ್ಡವರ ಫಾಸ್ಫೇಟ್‌ನ ಸಹಜ ಮಿತಿ 2.5ರಿಂದ 4.5. ರಿಪೋರ್ಟಿನ ಬಲಗಡೆಯ ಕಾಲಂನಲ್ಲಿ ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿದ್ದರೆ, ಐದು ವಾರದ ಕೂಸಿನ 3.8 ಎಂಬ ಅಂಕಿಯ ಪಕ್ಕ ಯಾವ ಎಚ್ಚರಿಕೆಯ ಗುರುತೂ ಬೀಳುವುದಿಲ್ಲ, ಸಹಜವೆಂದೇ ತೋರುತ್ತದೆ. ಅದೇ ಹಾಳೆಯಲ್ಲಿ ಎಎಲ್‌ಪಿ 350 ಇದ್ದರೆ ದಪ್ಪಕ್ಷರದಲ್ಲಿ ಹೆಚ್ಚು ಎಂದು ಬರುತ್ತದೆ. ಬೆಳೆಯುವ ಕೂಸಿಗೆ ಅದು ಸಹಜ. ಮನೆಯವರು ಗಾಬರಿಯಾಗುವುದು ಎಎಲ್‌ಪಿ ನೋಡಿ, ಗಾಬರಿಯಾಗಬೇಕಿದ್ದುದು ಫಾಸ್ಫೇಟ್ ನೋಡಿ.

ಫಾಸ್ಫೇಟ್ ಇಳಿದಿದೆ ಎಂದ ಮಾತ್ರಕ್ಕೆ ಫಾಸ್ಫೇಟ್ ಕೊಟ್ಟುಬಿಡುವುದೂ ಸರಿಯಲ್ಲ. ಈ ವಿಷಯದಲ್ಲಿ ಕಳೆದ ದಶಕದಲ್ಲಿ ಬಂದಿರುವ ಮುಖ್ಯ ಎಚ್ಚರ ಇದೇ. ರಂಜಕವೇ ಕಡಿಮೆಯಿದ್ದಾಗ ಪಿಟಿಎಚ್ ಎಂಬ ಹಾರ್ಮೋನು ಏರುವುದಿಲ್ಲ. ಮೂತ್ರಪಿಂಡ ಇದ್ದ ರಂಜಕವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಮೂಳೆಗೆ ಸೇರಲಾಗದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದಾಗ ಕಥೆಯೇ ಬೇರೆ. ಪಿಟಿಎಚ್ ಏರುತ್ತದೆ, ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ತರುತ್ತದೆ, ಜೊತೆಗೆ ಮೂತ್ರದಲ್ಲಿ ರಂಜಕವನ್ನು ಹೊರಹಾಕುತ್ತದೆ. ಎರಡು ಸಂದರ್ಭದಲ್ಲೂ ರಕ್ತದ ಫಾಸ್ಫೇಟ್ ಕಡಿಮೆ, ಎಎಲ್‌ಪಿ ಹೆಚ್ಚು. ಎರಡನೆಯ ಮಗುವಿಗೆ ಫಾಸ್ಫೇಟ್ ಒಂದನ್ನೇ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಮತ್ತಷ್ಟು ಇಳಿದು, ಪಿಟಿಎಚ್ ಮತ್ತಷ್ಟು ಏರಿ, ಮೂಳೆ ಇನ್ನೂ ಕರಗುತ್ತದೆ. ಇವೆರಡನ್ನು ಬೇರೆಮಾಡಲು ಒಮ್ಮೆ ಪಿಟಿಎಚ್ ಪರೀಕ್ಷೆ, ಜೊತೆಗೆ ಮೂತ್ರದ ಒಂದು ಲೆಕ್ಕ ಸಾಕು. ಮೂತ್ರಪಿಂಡ ಸೋಸಿದ ರಂಜಕದಲ್ಲಿ ಶೇ 95ಕ್ಕಿಂತ ಹೆಚ್ಚನ್ನು ವಾಪಸು ಹೀರಿಕೊಂಡಿದ್ದರೆ ಅದು ರಂಜಕದ ಬರ. ಪಿಟಿಎಚ್ ಏರಿ, ಹೀರಿಕೆ ಇಳಿದಿದ್ದರೆ ಕ್ಯಾಲ್ಸಿಯಂ ಬರ.

ಮೂತ್ರವನ್ನೇ ಮುಖ್ಯ ಸಾಧನವಾಗಿ ಮಾಡಿಕೊಂಡವರು ಜರ್ಮನಿಯ ಉಲ್ಮ್ ನಗರದ ಫ್ರಾಂಕ್ ಪೋಲಾಂಟ್. ಅವರ ತರ್ಕ ಚೊಕ್ಕವಾಗಿದೆ. ಮಗುವಿನ ಮೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ಸ್ವಲ್ಪ ಸ್ವಲ್ಪ ಕಂಡರೆ, ಮೂಳೆಗೆ ಬೇಕಾದಷ್ಟು ಸೇರಿ ಮಿಕ್ಕದ್ದು ಹೊರಹೋಗುತ್ತಿದೆ ಎಂದರ್ಥ. ಯಾವುದು ಕಾಣುವುದಿಲ್ಲವೋ ಅದನ್ನು ಎರಡೂ ಕಾಣುವವರೆಗೆ ಹೆಚ್ಚಿಸುತ್ತಾ ಹೋಗಬೇಕು. ಸೂಜಿ ಚುಚ್ಚಬೇಕಿಲ್ಲ, ರಕ್ತ ಕಳೆಯಬೇಕಿಲ್ಲ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವುದೇ 80–90 ಮಿಲೀ ರಕ್ತ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಫ್ಯೂರೋಸೆಮೈಡ್, ಕೆಫೀನ್ ಪಡೆಯುತ್ತಿರುವ ಮಕ್ಕಳಲ್ಲಿ ಮಾತ್ರ ಮೂತ್ರದ ಕ್ಯಾಲ್ಸಿಯಂ ದಾರಿ ತಪ್ಪಿಸುತ್ತದೆ.

ಮೊದಲ ವಾರದಲ್ಲೇ ಫಾಸ್ಫೇಟ್ ಕುಸಿಯುವುದು ಬೇರೆ ವಿದ್ಯಮಾನ. ಹುಟ್ಟಿದ ದಿನದಿಂದಲೇ ಅಮೈನೋ ಆಮ್ಲದ ಡ್ರಿಪ್ ಶುರುಮಾಡಿದಾಗ ಕೋಶಗಳು ಬೆಳೆಯಲು ಹೊರಟು ರಕ್ತದ ಫಾಸ್ಫೇಟನ್ನು ಒಳಕ್ಕೆಳೆದುಕೊಳ್ಳುತ್ತವೆ, ಕ್ಯಾಲ್ಸಿಯಂ ಏರುತ್ತದೆ. ಗರ್ಭದಲ್ಲೇ ಸೊರಗಿದ ಮಕ್ಕಳಲ್ಲಿ ಇದು ಹೆಚ್ಚು. ಆಗ ಕ್ಯಾಲ್ಸಿಯಂ ಕಡಿಮೆ ಮಾಡಿ ಕೂರದೆ ಫಾಸ್ಫೇಟ್ ಸೇರಿಸಬೇಕು.

ಯಂತ್ರಗಳ ವಿಷಯಕ್ಕೆ ಬಂದರೆ, ಮೂಳೆಯ ಖನಿಜವನ್ನು ಅಳೆಯುವುದರಲ್ಲಿ ಡೆಕ್ಸಾ ಸ್ಕ್ಯಾನ್‌ಗೆ ಮೊದಲ ಸ್ಥಾನ. ವಿಕಿರಣ ಅತ್ಯಲ್ಪ, ಅಳತೆ ನಿಖರ. ಆದರೆ ಯಂತ್ರವಿರುವುದು ಬೇರೆ ಕೋಣೆಯಲ್ಲಿ, ಮಗು ಅಲುಗದೆ ಮಲಗಿರಬೇಕು, ಶಿಶುಗಳಿಗೆಂದೇ ಬರೆದ ತಂತ್ರಾಂಶ ಬೇಕು. ಆಕ್ಸಿಜನ್ ಹಚ್ಚಿದ ಮಗುವನ್ನು ಲಿಫ್ಟಿನಲ್ಲಿ ಇಳಿಸಿ ಒಯ್ಯಲು ಯಾವ ನರ್ಸೂ ಖುಷಿಯಿಂದ ಒಪ್ಪಲಾರರು. ಹೀಗಾಗಿ ಅದು ಸಂಶೋಧನೆಗೇ ಮೀಸಲಾಗಿದೆ.

ಅಲ್ಟ್ರಾಸೌಂಡ್ ವಿಧಾನ ಹೆಚ್ಚು ಆಸೆ ಹುಟ್ಟಿಸಿತ್ತು. ಮೊಣಕಾಲ ಕೆಳಗಿನ ಉದ್ದ ಎಲುಬಿನ ಮೇಲೆ ಪುಟ್ಟ ಪ್ರೋಬ್ ಇಟ್ಟು ಶಬ್ದದ ಅಲೆ ಅದರುದ್ದಕ್ಕೂ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆಯುತ್ತಾರೆ. ಮೃದು ಅಂಗಾಂಶದಲ್ಲಿ ಸೆಕೆಂಡಿಗೆ 1,540 ಮೀಟರ್ ಆಸುಪಾಸು ಓಡುವ ಶಬ್ದ, ತುಂಬು ತಿಂಗಳ ಕೂಸಿನ ಎಲುಬಿನಲ್ಲಿ ಸುಮಾರು 3,000 ಮೀಟರ್ ಓಡುತ್ತದೆ. ದಿನ ತುಂಬದ ಮಕ್ಕಳಲ್ಲಿ ಈ ವೇಗ ಕಡಿಮೆ, ಹುಟ್ಟಿದ ಮೇಲಿನ ವಾರಗಳಲ್ಲಿ ಇನ್ನೂ ಇಳಿಯುತ್ತದೆ. ಪರೀಕ್ಷೆಗೆ ಮಗುವನ್ನು ಅಲುಗಿಸಬೇಕಿಲ್ಲ, ವಿಕಿರಣವಿಲ್ಲ. ಆದರೆ ಒಂದು ಕಂಪನಿಯ ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ, ರಕ್ತಪರೀಕ್ಷೆಯ ಜೊತೆಗೂ ಸದಾ ತಾಳೆಯಾಗುವುದಿಲ್ಲ, ಚಿಕಿತ್ಸೆ ಬದಲಿಸಲು ಯಾವ ಅಂಕಿ ಗೆರೆ ಎಂಬುದು ತೀರ್ಮಾನವಾಗಿಲ್ಲ.

ಹಾಗಿದ್ದೂ ಈ ಯಂತ್ರದಿಂದ ಒಂದು ಒಳ್ಳೆಯ ಪಾಠ ಸಿಕ್ಕಿತು. 1995ರಲ್ಲಿ ಅಮೆರಿಕದ ಯೂಟಾದಲ್ಲಿ ಲಾರಿ ಮೋಯರ್-ಮಿಲ್ಯೂರ್ ತಂಡ, ಮಕ್ಕಳ ಕೈಕಾಲನ್ನು ಪ್ರತಿದಿನ ಕೆಲವು ನಿಮಿಷ ಮೆಲ್ಲಗೆ ಮಡಿಸಿ ಚಾಚಿಸಿ ಕೀಲುಗಳಲ್ಲಿ ಹಗುರವಾಗಿ ಒತ್ತಿದರೆ ತೂಕವೂ ಮೂಳೆಯ ಖನಿಜವೂ ಹೆಚ್ಚುತ್ತವೆಂದು ತೋರಿಸಿತ್ತು. 2003ರಲ್ಲಿ ಇಸ್ರೇಲಿನ ಲಿಟ್ಮನೊವಿಟ್ಜ್ ತಂಡ 24 ಮಕ್ಕಳಲ್ಲಿ ಶಬ್ದವೇಗ ಅಳೆದಾಗ, ವ್ಯಾಯಾಮ ಮಾಡಿಸಿದವರಲ್ಲಿ ಅದು ಹಾಗೆಯೇ ಇತ್ತು, ಉಳಿದವರಲ್ಲಿ ಇಳಿದಿತ್ತು. ಇಂಥ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ನಂತರದ ಕಾಕ್ರೇನ್ ವಿಮರ್ಶೆ ಈ ಲಾಭ ಅಲ್ಪಾವಧಿಯದು, ಎಲ್ಲರಿಗೂ ಕಡ್ಡಾಯ ಮಾಡುವಷ್ಟು ಪುರಾವೆ ಇಲ್ಲ ಎಂದಿತು.

ಇದನ್ನೋದಿ ಮನೆಯಲ್ಲಿ ಎಣ್ಣೆನೀರು ಹಾಕುವಾಗ ಕೂಸಿನ ಕೈಕಾಲು ಹಿಡಿದು ಅಡ್ಡಡ್ಡ ಎಳೆಯಲು ಯಾರೂ ಹೊರಡಬಾರದು. ಆಸ್ಪತ್ರೆಯ ವ್ಯಾಯಾಮ ತರಬೇತಾದ ಕೈಗಳ ಕೆಲಸ. ಎಎಲ್‌ಪಿ ಏರಿರುವ ಮಗುವಿನ ಬಟ್ಟೆ ಬದಲಿಸುವಾಗ ಎರಡೂ ಹಿಮ್ಮಡಿ ಹಿಡಿದು ಮೇಲೆತ್ತುವುದೂ ಬೇಡ, ಕುಂಡಿಯ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಇಂಥ ಮಗುವಿನಲ್ಲಿ ಮುರಿತ ಕಂಡರೆ ಮನೆಯವರು ಹೊಡೆದರೆಂಬ ಅನುಮಾನ ಏಳುವುದೂ ಉಂಟು. ಹಳೆಯ ರಕ್ತಪರೀಕ್ಷೆಯ ಹಾಳೆಗಳಿದ್ದರೆ ಸತ್ಯ ಬೇಗ ಗೊತ್ತಾಗುತ್ತದೆ.

ಹೆಚ್ಚಿನ ಮಕ್ಕಳಲ್ಲಿ ಮೂಳೆ ಕ್ರಮೇಣ ಚೇತರಿಸಿಕೊಳ್ಳುತ್ತದೆ. ಹಾಗೆಂದು ಎಲ್ಲವೂ ಅಳಿಸಿಹೋಗುವುದಿಲ್ಲ. ಅಲನ್ ಲೂಕಸ್ ತಂಡ 1989ರಲ್ಲಿ ಬ್ರಿಟನ್ನಿನಿಂದ ವರದಿ ಮಾಡಿದಂತೆ, ಆಸ್ಪತ್ರೆಯಲ್ಲಿದ್ದಾಗ ಎಎಲ್‌ಪಿ 1,200 ದಾಟಿದ್ದ ಮಕ್ಕಳು ಒಂದೂವರೆ ವರ್ಷದಲ್ಲಿ ಉಳಿದವರಿಗಿಂತ ಕುಳ್ಳಗಿದ್ದರು. ಹೆಲ್ಸಿಂಕಿಯಲ್ಲಿ 1,500 ಗ್ರಾಂಗಿಂತ ಕೆಳಗೆ ಹುಟ್ಟಿ ದೊಡ್ಡವರಾದವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಆಸುಪಾಸಿನಲ್ಲೂ ಅವರ ಮೂಳೆಯ ಸಾಂದ್ರತೆ ಸರೀಕರಿಗಿಂತ ಕಡಿಮೆಯಿತ್ತು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 1.34 ಕೋಟಿ ಮಕ್ಕಳು ಅವಧಿಗೆ ಮುನ್ನ ಹುಟ್ಟಿದರು, ಅವರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು. ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳು ಮತ್ತು ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಡುವ ಕಾಂಗರೂ ಆರೈಕೆಯಿಂದಾಗಿ, ಹಿಂದೆ ಉಳಿಯದಿದ್ದ ಮಕ್ಕಳು ಈಗ ಉಳಿಯುತ್ತಿದ್ದಾರೆ. ಕರ್ನಾಟಕದಲ್ಲಿ ಈ ಆರೈಕೆಯನ್ನು ಮನೆಮನೆಗೆ ಮುಟ್ಟಿಸುವ ಬಗೆಯನ್ನು ಕೊಪ್ಪಳ ಜಿಲ್ಲೆಯಲ್ಲೇ ಅಧ್ಯಯನ ಮಾಡಲಾಯಿತು. ಹೀಗೆ ಬದುಕುಳಿದ ಮಕ್ಕಳ ಮೂಳೆ ನೋಡಲು ಡೆಕ್ಸಾ ಯಂತ್ರ ಬೇಕಿಲ್ಲ. ಎಎಲ್‌ಪಿ, ಫಾಸ್ಫೇಟ್ ಎರಡೂ ಸಾಮಾನ್ಯ ಲ್ಯಾಬ್‌ನಲ್ಲೇ ಆಗುವ ಪರೀಕ್ಷೆಗಳು. ನಾಲ್ಕನೆಯ ವಾರಕ್ಕೆ ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಮಾಡಿಸಿ, ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದು ಯಂತ್ರವಿಲ್ಲದೆಯೂ ಕೊರತೆಯಿರುವ ಮಕ್ಕಳನ್ನು ಗುರುತಿಸಿಕೊಡುತ್ತದೆ. ಸಿರಪ್ ಬರೆಯುವಾಗಲೂ ಇದೇ ನಿಗಾ ಬೇಕು, ಅಂಗಡಿಯಲ್ಲಿ ಸಿಗುವ ಕೆಲವು ಕ್ಯಾಲ್ಸಿಯಂ ಸಿರಪ್‌ಗಳಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬನೇಟ್ ಮಾತ್ರ, ರಂಜಕ ಇರುವುದೇ ಇಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಬರೀ ಎದೆಹಾಲಿನಲ್ಲಿರುವ ಮಗುವಿಗೆ 2ರಿಂದ 4 ವಾರದೊಳಗೆ ಎಎಲ್‌ಪಿ ಇನ್ನೊಮ್ಮೆ ಮಾಡಿಸಬೇಕು. ಫೋರ್ಟಿಫೈಯರ್ ನಿಲ್ಲುವುದೂ, ಆಸ್ಪತ್ರೆಯ ಕಣ್ಣು ತಪ್ಪುವುದೂ ಆ ಹೊತ್ತಿಗೇ. ಡಿಸ್ಚಾರ್ಜ್ ಹಾಳೆಯಲ್ಲಿ ಕೊನೆಯ ಎಎಲ್‌ಪಿ ಮತ್ತು ಫಾಸ್ಫೇಟ್ ಅಂಕಿಗಳನ್ನು ತಾರೀಖಿನೊಂದಿಗೆ ಬರೆಸಿಕೊಂಡು ಮನೆಗೆ ಹೋಗಿ.